ಕೆಂಪು ದೀಪ ಉರಿದರೆ ಟಿವಿ ಉಳಿಯುತ್ತಾ?

"ಸ್ಪೈಕ್ ಗಾರ್ಡ್ ಹಾಕಿದೀನಲ್ಲ ಗುರು, ಇನ್ನೇನು ಭಯ?"

ಈ ಮಾತನ್ನ ಎಷ್ಟು ಜನರ ಬಾಯಲ್ಲಿ ಕೇಳಿದೀನೋ ಲೆಕ್ಕ ಇಟ್ಟಿಲ್ಲ. ಹೇಳೋರೇನು ಸಾಮಾನ್ಯದವರಲ್ಲ. ನನ್ನ ಹಾಗೇ ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕಂಪನಿ ಸೇರಿದವರು. ಆಫೀಸಿನಲ್ಲಿ ಒಂದು ಸರ್ವರ್ ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಬೇರೆ ಊರಲ್ಲಿ ಮೂರನೇದು ಅಂತ ಯೋಚನೆ ಮಾಡೋ ಬುದ್ಧಿವಂತರು. ಮನೆಗೆ ಬಂದರೆ ಮಾತ್ರ ಐವತ್ತು ಸಾವಿರದ ಟಿವಿ, ಲ್ಯಾಪ್‌ಟಾಪು, ರೂಟರ್ರು ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಪಟ್ಟಿಗೆ ಚುಚ್ಚಿ, ಅದರ ತುದಿಯಲ್ಲಿ ಉರಿಯೋ ಕೆಂಪು ದೀಪ ನೋಡಿ ನೆಮ್ಮದಿಯಾಗಿ ಮಲಗ್ತಾರೆ. ಬಹುಪಾಲು ಬೋರ್ಡುಗಳಲ್ಲಿ ಆ ದೀಪಕ್ಕೂ ರಕ್ಷಣೆಗೂ ಸಂಬಂಧವೇ ಇಲ್ಲ ಕಣ್ರೀ! ಅದು ಹೇಳೋದು ಒಂದೇ ವಿಷಯ: ಕರೆಂಟು ಇದೆ. ಅಷ್ಟೇ.

ನನ್ನ ತಕರಾರು ಏನು ಅಂತ ಮೊದಲೇ ಹೇಳಿಬಿಡ್ತೀನಿ. ಮನೆಯ ವಸ್ತುಗಳನ್ನ ಉಳಿಸೋ ಕೆಲಸ ಶುರುವಾಗಬೇಕಾದ್ದು ಅಂಗಡಿಯ ಶೆಲ್ಫಿನಲ್ಲಲ್ಲ, ಮನೆಯ ಪಕ್ಕದ ಮಣ್ಣಿನಲ್ಲಿ ಮತ್ತು ಮೀಟರ್ ಬೋರ್ಡಿನಲ್ಲಿ. ಅಲ್ಲಿ ಮಾಡಬೇಕಾದ್ದನ್ನ ಮನೆ ಕಟ್ಟಿಸೋರು ಮಾಡಲ್ಲ, ಬಾಡಿಗೆ ಕೊಡೋರು ಮಾಡಲ್ಲ, ಕರೆಂಟು ಕೊಡೋರು ನೋಡಲ್ಲ, ಬಳಸೋ ನಾವು ಕೇಳಲ್ಲ. ಎಲ್ಲರೂ ಸೇರಿ ಮುನ್ನೂರು ರೂಪಾಯಿಯ ಬೋರ್ಡಿನ ಮೇಲೆ ಭಾರ ಹಾಕಿ ಕೂತಿದೀವಿ.

<b>ಬಿಚ್ಚಿ ನೋಡಿದರೆ ಏನಿದೆ?</b>

ನಮ್ಮ ಮನೆಯಲ್ಲಿದ್ದ ಒಂದು ಹಳೇ "ಸ್ಪೈಕ್ ಗಾರ್ಡ್" ಅನ್ನ ಪ್ಲಗ್ ಕಿತ್ತು ಬಿಚ್ಚಿದೆ (ಯಾವ ಕಂಪನಿ ಅಂತ ಕೇಳಬೇಡಿ, ಅದೊಂದೇ ಹಾಗಿಲ್ಲ). ಒಳಗೆ ಮೂರು ಹಿತ್ತಾಳೆ ಪಟ್ಟಿ, ಒಂದು ಸ್ವಿಚ್ಚು, ಒಂದು ಫ್ಯೂಸು, ಒಂದು ಪುಟ್ಟ ನಿಯಾನ್ ದೀಪ. ಮುಗೀತು. ಸ್ಪೈಕ್ ಬಂದರೆ ಅದನ್ನ ತಡೆಯೋ ಭಾಗ ಒಂದೂ ಇಲ್ಲ. ಹೆಸರು ಗಾರ್ಡ್, ಕೆಲಸ ಎಕ್ಸ್‌ಟೆನ್ಷನ್ ಬೋರ್ಡಿಂದು.

ನಿಜವಾದ ಸರ್ಜ್ ಪ್ರೊಟೆಕ್ಟರ್‌ನಲ್ಲಿ ಎಂಒವಿ ಅಂತ ಒಂದು ಭಾಗ ಇರುತ್ತೆ. ಪೂರ್ತಿ ಹೆಸರು ಮೆಟಲ್ ಆಕ್ಸೈಡ್ ವೇರಿಸ್ಟರ್. ನೋಡೋಕೆ ಚಪ್ಪಟೆ ಗುಂಡು ಬಿಲ್ಲೆ, ಒಳಗಿರೋದು ಮುಖ್ಯವಾಗಿ ಝಿಂಕ್ ಆಕ್ಸೈಡ್. ವೋಲ್ಟೇಜ್ ಮಾಮೂಲಿಯಾಗಿದ್ದಾಗ ಅದು ಕರೆಂಟನ್ನ ಬಿಡೋದೇ ಇಲ್ಲ ಅನ್ನಬಹುದು. ಮಿತಿ ದಾಟಿದ ಕೂಡಲೇ ದಾರಿ ತೆಗೆದು, ಹೆಚ್ಚಾದ್ದನ್ನ ಪಕ್ಕಕ್ಕೆ ಹರಿಸುತ್ತೆ. ಕೆರೆಗೆ ಕೋಡಿ ಇದ್ದ ಹಾಗೆ. ಕೆರೆ ತುಂಬೋವರೆಗೆ ಕೋಡಿಗೆ ಕೆಲಸ ಇಲ್ಲ, ತುಂಬಿದ ಮೇಲೆ ನೀರು ಆ ಕಡೆಯಿಂದ ಹೋಗಬೇಕು, ಇಲ್ಲದಿದ್ದರೆ ಏರಿ ಒಡೆಯುತ್ತೆ.

ಈಗ ಒಂದು ಪ್ರಶ್ನೆ. ಕೋಡಿ ನೀರು ಹರಿದು ಹೋಗೋಕೆ ಕಾಲುವೆಯೇ ಇಲ್ಲದಿದ್ದರೆ?

ಒಳ್ಳೆಯ ಪ್ರೊಟೆಕ್ಟರ್‌ನಲ್ಲಿ ಮೂರು ಎಂಒವಿ ಇರುತ್ತವೆ: ಫೇಸ್‌ಗೂ ನ್ಯೂಟ್ರಲ್‌ಗೂ ಮಧ್ಯೆ ಒಂದು, ಫೇಸ್‌ಗೂ ಅರ್ಥ್‌ಗೂ ಮಧ್ಯೆ ಒಂದು, ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಒಂದು. ಮನೆಯಲ್ಲಿ ಅರ್ಥ್ ಇಲ್ಲ ಅಂದರೆ ಮೂರರಲ್ಲಿ ಎರಡು ದಂಡ. ದುಡ್ಡು ಕೊಟ್ಟಿದ್ದು ಮೂರಕ್ಕೆ, ಕೆಲಸ ಮಾಡೋದು ಒಂದು.

ಇನ್ನೊಂದು ವಿಷಯ. ಎಂಒವಿ ಸವೆಯುತ್ತೆ. ದೊಡ್ಡ ಹೊಡೆತ ತಿಂದಷ್ಟೂ ಅದರ ಆಯಸ್ಸು ಕಡಿಮೆ. ಐದಾರು ಮಳೆಗಾಲ ಕಂಡ ಬೋರ್ಡಿನೊಳಗೆ ಅದು ಬದುಕಿದೆಯೋ ಸತ್ತಿದೆಯೋ ಹೇಳೋಕೆ ಬೇರೆಯೇ ಒಂದು ದೀಪ ಇರಬೇಕು. ಕೆಲವು ಒಳ್ಳೆಯ ಬೋರ್ಡುಗಳಲ್ಲಿ ಇದೆ. ಸಾಮಾನ್ಯ ಕೆಂಪು ದೀಪ ಎಂಒವಿ ಸತ್ತ ಮೇಲೂ ನಗುನಗುತ್ತಾ ಉರೀತಾನೇ ಇರುತ್ತೆ :)

<b>ಎಲ್ಲ ಕಾಯಿಲೆಗೂ ಒಂದೇ ಮಾತ್ರೆಯಾ?</b>

"ಹೈ ವೋಲ್ಟೇಜ್ ಬಂದು ಸುಟ್ಟುಹೋಯ್ತು" ಅಂತ ನಾವು ಒಂದೇ ಮಾತಲ್ಲಿ ಹೇಳ್ತೀವಿ. ಆದರೆ ಕನಿಷ್ಠ ಎರಡು ಬೇರೆ ಬೇರೆ ಕಾಯಿಲೆ ಇವೆ.

ಮೊದಲನೇದು ಸರ್ಜ್. ಎಲ್ಲೋ ಸಿಡಿಲು ಬಿತ್ತು, ಅಥವಾ ಲೈನಿನಲ್ಲಿ ದೊಡ್ಡ ಮೋಟಾರ್ ಆನ್ ಆಫ್ ಆಯ್ತು ಅಂದುಕೊಳ್ಳಿ. ಸಿಡಿಲಿನದಾದರೆ ಸಾವಿರಾರು ವೋಲ್ಟಿನ ಅಲೆ ಬರಬಹುದು, ಆದರೆ ಇರೋದು ಸೆಕೆಂಡಿನ ಲಕ್ಷದ ಭಾಗಗಳ ಲೆಕ್ಕದಲ್ಲಿ. ಎಂಒವಿ ಇರೋದು ಇದಕ್ಕೆ.

ಎರಡನೇದು ನಮ್ಮ ಕಡೆ ಬೀದಿಗೆ ಬೀದಿಯನ್ನೇ ಸುಡೋ ಕಾಯಿಲೆ: ಟಿಸಿಯಿಂದ ಬರೋ ನ್ಯೂಟ್ರಲ್ ವೈರು ಕಟ್ಟಾಗೋದು. ಕೊಂಬೆ ಬಿದ್ದೋ, ಜಂಪರ್ ಸಡಿಲವಾಗಿಯೋ, ತುಕ್ಕು ಹಿಡಿದೋ ಹೀಗಾಗುತ್ತೆ. ಬೀದಿಯ ಮನೆಗಳೆಲ್ಲ ಒಂದೊಂದು ಫೇಸ್‌ಗೆ ಹಂಚಿಹೋಗಿರುತ್ತವೆ, ನ್ಯೂಟ್ರಲ್ ಎಲ್ಲರಿಗೂ ಒಂದೇ. ಅದು ಹೋದರೆ ಬೇರೆ ಬೇರೆ ಫೇಸ್‌ನ ಎರಡು ಮನೆಗಳು ಸೀರೀಸ್‌ನಲ್ಲಿ ಸೇರಿಕೊಂಡ ಹಾಗೆ. ಎರಡಕ್ಕೂ ಸೇರಿ ಸಿಗೋದು ಸುಮಾರು 400 ವೋಲ್ಟ್. ಅದನ್ನ ಎರಡೂ ಮನೆ ಹಂಚಿಕೊಳ್ಳಬೇಕು.

ಹಂಚಿಕೆ ಹೇಗೆ ನೋಡಿ. ಒಂದು ಮನೆಯಲ್ಲಿ 2000 ವ್ಯಾಟಿನ ಗೀಸರ್ ಹಾಕಿದಾರೆ, ಅದರ ರೆಸಿಸ್ಟೆನ್ಸ್ ಸುಮಾರು 26 ಓಮ್. ಇನ್ನೊಂದು ಮನೆಯಲ್ಲಿ ಬರೀ 100 ವ್ಯಾಟಿನ ಟಿವಿ ಓಡ್ತಿದೆ. ಲೆಕ್ಕಕ್ಕೆ ಅದನ್ನೂ ರೆಸಿಸ್ಟೆನ್ಸ್ ಅಂದುಕೊಂಡರೆ ಸುಮಾರು 529 ಓಮ್. ಪಿಯುಸಿಯಲ್ಲಿ ಮಾಡಿದ ಲೆಕ್ಕ ಮಾಡಿ: 400 ವೋಲ್ಟಿನಲ್ಲಿ 380ರಷ್ಟು ಬೀಳೋದು ಪಾಪದ ಟಿವಿ ಮನೆ ಮೇಲೆ! ಗೀಸರ್ ಮನೆಯವರಿಗೆ 20 ವೋಲ್ಟು, ನೀರು ಕಾಯಲ್ಲ ಅಂತ ಗೊಣಗಿಕೊಂಡು ಬರ್ತಾರೆ ಅಷ್ಟೇ. ಕಡಿಮೆ ಕರೆಂಟು ಬಳಸೋ ಮನೆಗೇ ಜಾಸ್ತಿ ಏಟು. ನ್ಯಾಯ ಅಂತ ಒಂದು ಇದೆಯಾ ಹೇಳಿ?

380 ವೋಲ್ಟ್ ಅಂದರೆ ಅದರ ಪೀಕ್ 530ರ ಮೇಲೆ. ಟಿವಿಯ ಪವರ್ ಸಪ್ಲೈನಲ್ಲಿರೋ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. ಡಬ್ ಅನ್ನೋ ಸದ್ದು, ಸುಟ್ಟ ವಾಸನೆ.. ಉಳಿದ ಕತೆ ನಿಮಗೇ ಗೊತ್ತು. ಇಲ್ಲಿ ಎಂಒವಿ ಏನೂ ಮಾಡೋಕಾಗಲ್ಲ. ಅದು ಕಣ್ಣು ಮಿಟುಕಿಸೋದಕ್ಕಿಂತ ಚಿಕ್ಕ ಹೊಡೆತಕ್ಕೆ ತಯಾರಾಗಿರೋದು. ನಿಮಿಷಗಟ್ಟಲೆ ನಿಲ್ಲೋ ಹೈ ವೋಲ್ಟೇಜ್‌ಗೆ ಅದೇ ಕಾದು ಹೊಗೆಯಾಡಬಹುದು, ಬೆಂಕಿಯೂ ಹತ್ತಬಹುದು. ಇದಕ್ಕೆ ಬೇಕಾದ್ದು ವೋಲ್ಟೇಜ್ ಮಿತಿ ಮೀರಿದರೆ ಮನೆಯ ಕರೆಂಟನ್ನೇ ಕತ್ತರಿಸೋ ಓವರ್ ವೋಲ್ಟೇಜ್ ಕಟಾಫ್.

"ನಮ್ಮನೇಲಿ ಸ್ಟೆಬಿಲೈಜರ್ ಇದೆ" ಅನ್ನೋರಿಗೆ: ಮಾಮೂಲಿ ಸ್ಟೆಬಿಲೈಜರ್ ನಿಧಾನವಾಗಿ ಏರಿಳಿಯೋ ವೋಲ್ಟೇಜನ್ನ ರಿಲೇ ಬದಲಿಸಿ ಸರಿ ಮಾಡುತ್ತೆ. ರಿಲೇ "ಟಿಕ್" ಅನ್ನೋಷ್ಟರಲ್ಲಿ ಸರ್ಜ್ ಬಂದು ಹೋಗಿ ಆಗಿರುತ್ತೆ. ಹೈ ಕಟಾಫ್ ಇದ್ದರೆ ನ್ಯೂಟ್ರಲ್ ಹೋದಾಗ ಪ್ರಯೋಜನಕ್ಕೆ ಬರಬಹುದು, ಆದರೆ ಅದಕ್ಕೆ ಚುಚ್ಚಿದ ಒಂದು ವಸ್ತುವಿಗೆ ಮಾತ್ರ. "ಇನ್ವರ್ಟರ್ ಇದೆ" ಅನ್ನೋರಿಗೆ: ಕರೆಂಟು ಇರುವಾಗ ಮನೆಯ ಮಾಮೂಲಿ ಇನ್ವರ್ಟರ್ ಲೈನಿನ ಕರೆಂಟನ್ನೇ ನೇರವಾಗಿ ದಾಟಿಸುತ್ತೆ. "ಸ್ಟೆಬಿಲೈಜರ್ ಬೇಡದ ಫ್ರಿಜ್" ಅನ್ನೋರಿಗೆ: ಅಲ್ಲಿ ಬರೆದಿರೋ ವೋಲ್ಟೇಜ್ ರೇಂಜ್ ಓದಿ. ಆ ರೇಂಜಿನೊಳಗೆ ಮಾತ್ರ ಸ್ಟೆಬಿಲೈಜರ್ ಬೇಡ, ಸಿಡಿಲಿಗೂ ಅದಕ್ಕೂ ಸಂಬಂಧ ಇಲ್ಲ. ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳನ್ನೂ ಒಮ್ಮೆ ಓದಿ. ಸಿಡಿಲು, ವೋಲ್ಟೇಜ್ ಏರಿಳಿತ ಇವನ್ನ ಎಷ್ಟು ಕಡೆ ಹೊರಗೆ ಇಟ್ಟಿದಾರೆ ಅಂತ ಗೊತ್ತಾಗುತ್ತೆ.

<b>ಫ್ರಿಜ್ ಮುಂದೆ ಹವಾಯಿ ಚಪ್ಪಲಿ</b>

ಈಗ ಅರ್ಥಿಂಗ್ ವಿಷಯ. ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲಿ.

ಮಲೆನಾಡಿನಲ್ಲಿರೋ ನಮ್ಮ ಅತ್ತೆ ಮನೆಯಲ್ಲಿ ಫ್ರಿಜ್ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ ಖಾಯಂ. ಯಾಕತ್ತೆ ಅಂದರೆ, "ಮುಟ್ಟಿದ್ರೆ ಜುಮ್ ಅಂತದೆ ಮಾರಾಯ, ಚಪ್ಪಲಿ ಹಾಕ್ಕಂಡ್ರೆ ಏನೂ ಆಗ್ತಿಲ್ಲೆ" ಅಂದರು. ಎಷ್ಟು ಸಹಜವಾಗಿ ಹೇಳಿದರು ಅಂದರೆ, ಫ್ರಿಜ್ ಅಂದಮೇಲೆ ಜುಮ್ ಅನ್ನಲೇಬೇಕು ಅನ್ನೋ ಹಾಗೆ! ಮನೆ ವೈರಿಂಗ್ ಮಾಡಿಸಿದಾಗ ದುಡ್ಡು ತಗೊಂಡಿದಾರೆ, ಮೂರು ಪಿನ್ನಿನ ಸಾಕೆಟ್ ಹಾಕಿದಾರೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇಲ್ಲ. ಆ ದೊಡ್ಡ ಪಿನ್ನು ಉಳಿದೆರಡಕ್ಕಿಂತ ಉದ್ದ ಇರೋದು ಯಾಕೆ ಗೊತ್ತಾ? ಪ್ಲಗ್ ಹಾಕುವಾಗ ಅರ್ಥ್ ಮೊದಲು ಸೇರಲಿ, ತೆಗೆಯುವಾಗ ಕೊನೆಗೆ ಬಿಡಲಿ ಅಂತ. ಅಷ್ಟು ಯೋಚನೆ ಮಾಡಿ ಮಾಡಿದ ಪಿನ್ನು ನಮ್ಮಲ್ಲಿ ಖಾಲಿ ತೂತಿಗೆ ಹೋಗಿ ಕೂರುತ್ತೆ. ಕೆಲವರು ಎರಡು ತೂತಿನ ಸಾಕೆಟ್ಟಿಗೆ ಹಿಡಿಸಲಿ ಅಂತ ಅದನ್ನ ಮುರಿದೇ ಹಾಕ್ತಾರೆ.

ಬೆಂಗಳೂರಿನ ನನ್ನ ಬಾಡಿಗೆ ಮನೆ ಇದಕ್ಕಿಂತ ಸ್ವಾರಸ್ಯ. ಓನರ್ ಅಂಕಲ್ ಹತ್ತಿರ ಅರ್ಥಿಂಗ್ ಬಗ್ಗೆ ಕೇಳಿದೆ.

"ಅರ್ಥಿಂಗ್ ಇಲ್ದೆ ಇರ್ತದೇನಪ್ಪಾ? ಮೀಟ್ರು ಹತ್ರ ಹಸಿರು ವೈರ್ ಕಾಣಲ್ವಾ?"

ಕಾಣುತ್ತೆ. ಅದನ್ನ ಹಿಂಬಾಲಿಸಿಕೊಂಡು ಹೋದೆ. ಗೋಡೆ ಇಳಿದು ಹಿತ್ತಲಿಗೆ ಹೋಗಿ ನೀರಿನ ಪೈಪಿಗೆ ಸುತ್ತಿಕೊಂಡಿದೆ. ಹಿಂದೆ ಅದು ಕಬ್ಬಿಣದ ಪೈಪಾಗಿತ್ತಂತೆ. ಮಧ್ಯೆ ಯಾವಾಗಲೋ ಪ್ಲಂಬರ್ ಬಂದು ಕೆಳಗಿನ ಭಾಗ ಬದಲಿಸಿ ಪಿವಿಸಿ ಹಾಕಿದಾನೆ. ಇಡೀ ಮನೆಯ ಅರ್ಥಿಂಗು ಪ್ಲಾಸ್ಟಿಕ್ಕಿನ ಮೇಲೆ ನಿಂತಿದೆ! ಅಂಕಲ್‌ಗೆ ತೋರಿಸಿದೆ. "ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ ಬಿಡಪ್ಪಾ" ಅಂದರು.

ಇಪ್ಪತ್ತು ವರ್ಷದ ಹಿಂದೆ ಆ ಮನೆಯಲ್ಲಿ ಇದ್ದಿದ್ದು ಬಲ್ಬು, ಟ್ಯೂಬ್‌ಲೈಟು, ಫ್ಯಾನು, ಒಂದು ಡಬ್ಬಿ ಟಿವಿ. ಈಗ ಎಲ್‌ಇಡಿ ಬಲ್ಬಿನೊಳಗೂ ಎಲೆಕ್ಟ್ರಾನಿಕ್ಸ್, ವಾಷಿಂಗ್ ಮೆಷಿನ್ನಿನಲ್ಲೂ ಸರ್ಕ್ಯೂಟ್ ಬೋರ್ಡು, ಫ್ಯಾನಿಗೂ ರಿಮೋಟು. ಹಳೇ ಬಲ್ಬು ತಡೆದುಕೊಳ್ತಿದ್ದ ಏಟನ್ನ ಇವು ತಡೆಯಲ್ಲ. ಹಾಗಾಗಿ ಇಪ್ಪತ್ತು ವರ್ಷ ಏನೂ ಆಗಿಲ್ಲ ಅನ್ನೋದು ಇವತ್ತಿಗೆ ಉತ್ತರವೇ ಅಲ್ಲ.

ಇದಕ್ಕಿಂತ ಅಪಾಯದ ಒಂದು "ಐಡಿಯಾ" ಇದೆ. ಅರ್ಥ್ ಇಲ್ಲ ಅಂದಾಗ ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿಂದ ಒಂದು ತುಂಡು ವೈರು ಎಳೆದು ಅರ್ಥ್ ತೂತಿಗೆ ಸೇರಿಸಿಬಿಡ್ತಾರೆ. "ಆಯ್ತು ಸಾರ್, ಇನ್ನು ಜುಮ್ ಅನ್ನಲ್ಲ." ಹೌದು, ಅನ್ನಲ್ಲ. ಆದರೆ ಯಾವತ್ತಾದರೂ ಮನೆಗೆ ಬರೋ ನ್ಯೂಟ್ರಲ್ ಕಟ್ಟಾದರೆ, ಫ್ರಿಜ್ಜಿನ ಬಾಡಿಗೆ, ವಾಷಿಂಗ್ ಮೆಷಿನ್ನಿನ ಬಾಡಿಗೆ, ಗೀಸರಿನ ಬಾಡಿಗೆ ನೇರವಾಗಿ ಕರೆಂಟು ಬರುತ್ತೆ. ಜುಮ್ ಅನ್ನೋದಲ್ಲ, ಪ್ರಾಣ ಹೋಗೋ ಕರೆಂಟು. ಒದ್ದೆ ಕೈಯಲ್ಲಿ ಅದನ್ನ ಮುಟ್ಟೋದು ಸಾಮಾನ್ಯವಾಗಿ ಅಮ್ಮನೋ, ಅಜ್ಜಿಯೋ, ಮನೆಗೆಲಸಕ್ಕೆ ಬರೋರೋ. ಟಿವಿ ಸುಟ್ಟರೆ ಇನ್ನೊಂದು ತರಬಹುದು.

ಸರಿ, ಅರ್ಥಿಂಗ್ ಇದೆ ಅಂದುಕೊಳ್ಳೋಣ. ಅಷ್ಟೇ ಸಾಲದು. ಗುಂಡಿಯ ಮಣ್ಣು ಬೇಸಿಗೆಯಲ್ಲಿ ಒಣಗಿ ಅದರ ರೆಸಿಸ್ಟೆನ್ಸ್ 20 ಓಮ್ ಆಗಿದೆ ಅನ್ನಿ. ಫೇಸ್ ವೈರು ಬಾಡಿಗೆ ತಾಗಿದರೂ ಹರಿಯೋ ಕರೆಂಟು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಹಾಯಾಗಿ ಕೂತಿರುತ್ತೆ. ಅದಕ್ಕೇ 30 ಮಿಲಿಆಂಪಿಯರ್ ಸೋರಿದರೂ ಬೀಳೋ ಆರ್‌ಸಿಸಿಬಿ ಬೇಕು ಅನ್ನೋದು. ಅರ್ಥಿಂಗ್ ಹೇಗೆ ಮಾಡಬೇಕು ಅನ್ನೋದಕ್ಕೆ ಐಎಸ್ 3043 ಅಂತ ಭಾರತೀಯ ಮಾನಕವೇ ಇದೆ. ಪೈಪ್ ಅರ್ಥಿಂಗ್ ಆದರೆ ಪೈಪು ಕನಿಷ್ಠ ಎರಡೂವರೆ ಮೀಟರ್ ಉದ್ದ ಇರಬೇಕು ಅಂತ ಅದರಲ್ಲಿದೆ. ನಮ್ಮಲ್ಲಿ ಎಷ್ಟೋ ಕಡೆ ಎರಡಡಿ ಸರಳು ಬಡಿದು, ಮೇಲೆ ಒಂದು ಚಪ್ಪಡಿ ಮುಚ್ಚಿ ಬಿಲ್ ಕೊಟ್ಟು ಹೋಗ್ತಾರೆ. ಮಣ್ಣಿನೊಳಗೆ ಇಣುಕಿ ನೋಡೋರು ಯಾರು?

ಮೂವತ್ತು ನಲವತ್ತು ಲಕ್ಷದ ಮನೆ ಕಟ್ಟಿಸುವಾಗ ವಿಟ್ರಿಫೈಡ್ ಟೈಲ್ಸಿಗೆ ಮೂರು ಅಂಗಡಿ ತಿರುಗ್ತೀವಿ. ಅರ್ಥ್ ಪಿಟ್ ತೋಡುವ ದಿನ ಅಲ್ಲಿ ನಿಂತು ನೋಡಿದ ಮನೆ ಯಜಮಾನ ನಿಮಗೆ ಯಾರಾದರೂ ಗೊತ್ತಾ?

<b>ಕೆಇಬಿಯವರಿಗೆ ಒಂದು ಮಾತು</b>

ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಆದವು. ಜನರ ಬಾಯಲ್ಲಿ ಈಗಲೂ ಕೆಇಬಿಯೇ. ಬೆಂಗಳೂರಿನ ಬೀದಿಗೆ ಶಿವನಸಮುದ್ರದ ಕರೆಂಟಿನ ದೀಪ ಬಂದಿದ್ದು 1905ರಲ್ಲಿ. ನೂರು ವರ್ಷ ದಾಟಿ ಎಷ್ಟೋ ಕಾಲ ಆಯ್ತು. ಇಷ್ಟಾದರೂ ಒಂದು ಗಾಳಿಮಳೆಗೆ ನ್ಯೂಟ್ರಲ್ ಕಿತ್ತು ಬೀದಿಯ ಟಿವಿಗಳೆಲ್ಲ ಒಟ್ಟಿಗೆ ಸುಡೋದು ನಿಂತಿಲ್ಲ.

ಹಾಗೆ ಸುಟ್ಟಾಗ ಏನಾಗುತ್ತೆ? ಲೈನ್‌ಮನ್ ಬರ್ತಾರೆ, ಮಳೆಯಲ್ಲಿ ಪ್ರಾಣ ಒತ್ತೆಯಿಟ್ಟು ಕಂಬ ಹತ್ತಿ ವೈರು ಸರಿ ಮಾಡ್ತಾರೆ. ಅವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಆಮೇಲೆ ನಾವು ನಮ್ಮ ನಮ್ಮ ಟಿವಿ ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋಗ್ತೀವಿ. ನಮ್ಮೂರಿನಲ್ಲೇ ಒಮ್ಮೆ ಹೀಗಾಗಿ, ಆಫೀಸಿಗೆ ಹೋಗಿ ಕೇಳಿದವರಿಗೆ "ಮೇಲಿಂದಾನೇ ಹಂಗೆ ಬಂತು, ನಾವೇನ್ ಮಾಡೋಣ?" ಅನ್ನೋ ಉತ್ತರ ಸಿಕ್ಕಿತ್ತು. ಎಲ್ಲರೂ ಸುಮ್ಮನೆ ವಾಪಸ್ ಬಂದರು. ಒಬ್ಬರೂ ಬರೆದು ಕೊಡಲಿಲ್ಲ.

ಸುಮ್ಮನಿರಬೇಕಾಗಿಲ್ಲ ಸ್ವಾಮಿ. 2003ರ ವಿದ್ಯುತ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ವಿತರಣಾ ಕಂಪನಿಗಳು ಆಯೋಗ ಹೇಳಿದ ಸೇವಾ ಮಟ್ಟ ಪಾಲಿಸಬೇಕು, ತಪ್ಪಿದರೆ ಪರಿಹಾರ ಕೊಡಬೇಕು. 42ನೇ ಸೆಕ್ಷನ್ನಿನಲ್ಲಿ ಗ್ರಾಹಕರ ದೂರಿಗೆ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್ ಎರಡೂ ಇವೆ. ಇನ್ನೊಂದು ತಮಾಷೆ ಕೇಳಿ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ, ಕರೆಂಟು ಕೊಡೋರು ಗ್ರಾಹಕರ ಜಾಗದಲ್ಲಿ ಅವರ ಬಳಕೆಗೆ ಅರ್ಥ್ ಟರ್ಮಿನಲ್ ಒದಗಿಸಿ ಕಾಪಾಡಬೇಕು ಅಂತ ಇತ್ತು. 2010ರ ಸುರಕ್ಷತಾ ನಿಯಮಗಳಲ್ಲೂ ಅದು ಮುಂದುವರಿಯಿತು. ನಿಮ್ಮ ಮೀಟರ್ ಹತ್ತಿರ ಅಂಥದ್ದೊಂದು ಟರ್ಮಿನಲ್ ಯಾವತ್ತಾದರೂ ಕಂಡಿದೀರಾ? ನಾನಂತೂ ಬಾಡಿಗೆಗಿದ್ದ ಯಾವ ಮನೆಯಲ್ಲೂ ಕಂಡಿಲ್ಲ.

ಪರಿಹಾರ ಸಿಗೋದು ಸುಲಭ ಅಂತ ನಾನು ಹೇಳ್ತಿಲ್ಲ. ಆದರೆ ಹತ್ತು ಮನೆಯವರು ಸೇರಿ ದಿನಾಂಕ, ಸಮಯ, ಹಾಳಾದ ವಸ್ತುಗಳ ಪಟ್ಟಿ ಬರೆದು ಸಹಿ ಹಾಕಿ ಕೊಟ್ಟು, ಸ್ವೀಕೃತಿ ತಗೊಂಡರೆ ಅದು ದಾಖಲೆ. ಗೊಣಗಾಟಕ್ಕೆ ದಾಖಲೆ ಇಲ್ಲ. ಮುಂದಿನ ಸಲ ಅದೇ ಜಂಪರ್ ಕಿತ್ತಾಗ "ಹೋದ ವರ್ಷವೂ ಹೇಳಿದ್ದೆವು" ಅನ್ನೋಕೆ ಕೈಯಲ್ಲಿ ಒಂದು ಕಾಗದ ಇರುತ್ತೆ.

<b>ಅಮ್ಮಂದಿರ ವಿಧಾನ</b>

ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ದೂರದಲ್ಲಿ ಗುಡುಗು ಕೇಳಿದ ಕೂಡಲೇ ಮನೆಮನೆಯಲ್ಲೂ ಅಮ್ಮಂದಿರು ಎದ್ದು ಪ್ಲಗ್ ಕೀಳ್ತಾರೆ. ಚಿತ್ತಾ, ಸ್ವಾತಿ ಮಳೆಯಲ್ಲೂ ಅಷ್ಟೇ. ಮಕ್ಕಳು ನಗ್ತೀವಿ, "ಸ್ಪೈಕ್ ಗಾರ್ಡ್ ಇದೆ ಸುಮ್ನಿರಮ್ಮಾ" ಅಂತೀವಿ. ಅಮ್ಮನೇ ಸರಿ! ಹತ್ತಿರದಲ್ಲಿ ಸಿಡಿಲು ಬಿದ್ದಾಗ ಬರೋ ಹೊಡೆತವನ್ನ ಖಂಡಿತವಾಗಿ ತಡೆಯೋ ಮನೆಬಳಕೆಯ ಡಬ್ಬಿ ಯಾವುದೂ ಇಲ್ಲ. ಸಂಪರ್ಕವೇ ಇಲ್ಲದ ಟಿವಿಗೆ ವೈರಿನಿಂದ ಏಟು ಬರಲ್ಲ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನ ಆ ಚಿಕ್ಕ ಸಂದನ್ನ ಸಿಡಿಲಿನ ವೋಲ್ಟೇಜ್ ಹಾರಿಬಿಡಬಹುದು.

ಅಮ್ಮನ ವಿಧಾನಕ್ಕೆ ಎರಡೇ ತಿದ್ದುಪಡಿ. ಒಂದು, ಕರೆಂಟಿನ ಪ್ಲಗ್ ಜೊತೆಗೆ ಡಿಶ್ಶಿನ, ಕೇಬಲ್ಲಿನ ವೈರನ್ನೂ, ಮನೆಯ ಹೊರಗಿಂದ ಬರೋ ಲ್ಯಾನ್ ವೈರನ್ನೂ ಕೀಳಬೇಕು. ಸರ್ಜ್ ಆ ದಾರಿಯಿಂದಲೂ ಬರುತ್ತೆ (ಫೈಬರ್ ಆದರೆ ಗಾಜು, ಅದರಲ್ಲಿ ಕರೆಂಟು ಹರಿಯಲ್ಲ, ಆದರೆ ರೂಟರಿನ ಅಡಾಪ್ಟರ್ ಪ್ಲಗ್ಗಿನಲ್ಲೇ ಇರುತ್ತಲ್ಲ). ಎರಡು, ಇದನ್ನ ಮಾಡಬೇಕಾದ್ದು ಗುಡುಗು ದೂರ ಇದ್ದಾಗ. ಸಿಡಿಲು ನೆತ್ತಿಯ ಮೇಲೆ ಬಂದ ಮೇಲೆ ಪ್ಲಗ್ ಮುಟ್ಟೋಕೆ ಹೋಗಬೇಡಿ. ಆಗ ಟಿವಿ ಹೋದರೆ ಹೋಗಲಿ.

<b>ಹಾಗಾದರೆ ಏನು ಮಾಡೋಣ?</b>

ಬೈದದ್ದು ಸಾಕು. ಕ್ರಮ ಹೀಗಿರಲಿ:

1. ಮೊದಲು ಅರ್ಥಿಂಗ್. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ, ಅರ್ಥ್ ಟೆಸ್ಟರಿನಲ್ಲಿ ಅಳೆಸಿ, ಅಂಕಿಯನ್ನ ಕಣ್ಣಾರೆ ನೋಡಿ. ನ್ಯೂಟ್ರಲ್ ಸೇರಿಸಿದ ಸಾಕೆಟ್ ಇದ್ದರೆ ಅವತ್ತೇ ಬಿಚ್ಚಿಸಿ. ನೀವೇ ವೈರು ಹಿಡಿದು ಪ್ರಯೋಗ ಮಾಡಬೇಡಿ. ಪಿಟ್ಟಿಗೆ ಬೇಸಿಗೆಯಲ್ಲಿ ನೀರು ಹಾಕಿ.

2. ಆಮೇಲೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಇದು ಟಿವಿಗಲ್ಲ, ಮನುಷ್ಯರಿಗೆ.

3. ಮೇನ್ ಬೋರ್ಡಿನಲ್ಲಿ ಓವರ್ ವೋಲ್ಟೇಜ್ ಕಟಾಫ್. ಇದು ನ್ಯೂಟ್ರಲ್ ಹೋದಾಗ ಕಾಪಾಡೋದು.

4. ಅದೇ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ, ಅಂದರೆ ಇಡೀ ಮನೆಯ ಸರ್ಜ್ ಪ್ರೊಟೆಕ್ಟರ್. ಅರ್ಥ್‌ಗೆ ಹೋಗೋ ಅದರ ವೈರು ಆದಷ್ಟು ಗಿಡ್ಡ, ನೇರ ಇರಬೇಕು. ಉದ್ದ ವೈರಿನಲ್ಲಿ ಸುತ್ತಾಡಿಸಿದರೆ ಅರ್ಧ ಪ್ರಯೋಜನ ಅಲ್ಲೇ ಹೋಯ್ತು. ಅದರ ಸೂಚಕ ಹಸಿರಿನಿಂದ ಕೆಂಪಾದರೆ ಬದಲಿಸಿ.

5. ಕೊನೆಗೆ, ಇವೆಲ್ಲ ಆದ ಮೇಲೆ, ಟಿವಿ ಕಂಪ್ಯೂಟರ್ ಹತ್ತಿರ ಎಂಒವಿ ಇರೋ ನಿಜವಾದ ಸರ್ಜ್ ಪ್ರೊಟೆಕ್ಟರ್. ಡಬ್ಬಿಯ ಮೇಲೆ ಜೂಲ್ ಎಷ್ಟು, ಕ್ಲ್ಯಾಂಪಿಂಗ್ ವೋಲ್ಟೇಜ್ ಎಷ್ಟು ಅಂತ ಬರೆದಿಲ್ಲ ಅಂದರೆ ಅದು ಎಕ್ಸ್‌ಟೆನ್ಷನ್ ಬೋರ್ಡು ಅಂತಲೇ ತಿಳಿಯಿರಿ.

6. ಕರೆಂಟು ಹೋದಾಗ ಫ್ರಿಜ್ಜು, ಟಿವಿ ಸ್ವಿಚ್ ಆಫ್ ಮಾಡಿ, ಬಂದು ಐದು ನಿಮಿಷ ಆದ ಮೇಲೆ ಹಾಕಿ. ಖರ್ಚು ಸೊನ್ನೆ.

ನಾವು ಮಾಡೋದು ಐದನೇದನ್ನ ಮೊದಲು, ಅದನ್ನೂ ನಕಲಿ ತಂದು. ಉಳಿದವಕ್ಕೆ "ಮುಂದೆ ನೋಡೋಣ".

ಬಾಡಿಗೆ ಮನೆಯಲ್ಲಿರೋರು "ನಮ್ಮ ಮನೆಯೇ ಅಲ್ಲ, ನಾವ್ಯಾಕೆ ಖರ್ಚು ಮಾಡೋಣ" ಅಂತೀರಿ, ಗೊತ್ತು. ಹತ್ತು ತಿಂಗಳ ಅಡ್ವಾನ್ಸ್ ಕೇಳೋ ಓನರ್‌ಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ "ಕಾವೇರಿ ನೀರು ಬರುತ್ತಾ?" ಆದರೆ ಎರಡನೇದು "ಅರ್ಥಿಂಗ್ ಇದೆಯಾ, ತೋರಿಸಿ" ಆಗಲಿ. ನಾಲ್ಕು ಜನ ಬಾಡಿಗೆದಾರರು ಇದನ್ನೇ ಕೇಳಿ ಮನೆ ಬೇಡ ಅಂತ ಎದ್ದು ಹೋದರೆ ಐದನೆಯವರಿಗೆ ಪಿಟ್ ತೋಡಿಸಿರ್ತಾರೆ. ನಮ್ಮ ಅಂಕಲ್‌ಗೆ ನಾನು ಬರೆದು ಕೊಟ್ಟಿದೀನಿ, ಇನ್ನೂ ತೋಡಿಸಿಲ್ಲ. ಬಿಡಲ್ಲ, ಕೇಳ್ತಾನೇ ಇರ್ತೀನಿ.

ಈಗ ನೀವೊಂದು ಕೆಲಸ ಮಾಡಿ. ಮೀಟರ್ ಬೋರ್ಡಿಂದ ಹೊರಡೋ ಹಸಿರು ವೈರನ್ನ, ಮುಟ್ಟಬೇಡಿ, ಕಣ್ಣಲ್ಲೇ ಹಿಂಬಾಲಿಸಿ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನೋಡಿ. ಮಣ್ಣಿಗಾ, ಪಿವಿಸಿ ಪೈಪಿಗಾ, ಗೋಡೆಯೊಳಗೆ ಮಾಯವಾಗುತ್ತಾ? ಇಲ್ಲೇ ಕೆಳಗೆ ಬರೆಯಿರಿ. ಊರಿಗೆ ಫೋನ್ ಮಾಡಿದಾಗ ಫ್ರಿಜ್ ಜುಮ್ ಅನ್ನುತ್ತಾ ಅಂತಲೂ ಒಮ್ಮೆ ಕೇಳಿ. ಏನಂತೀರಿ?